ತೆರೆದೇ ಇದ್ದ ವ್ಯಾಲೆಟ್

ಸಿಂಧನೂರಿನಲ್ಲಿ ನನ್ನದೊಂದು ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ ಇದೆ. ಕೆಳಗೆ ಅಂಗಡಿ, ಮೇಲೆ ಅಣ್ಣನ ಸಂಸಾರ, ಅವರ ಅಡುಗೆಮನೆಯ ಹಿಂದೆ ನನ್ನ ಕೋಣೆ. ಸುಗ್ಗಿ ಮುಗಿದು ಭತ್ತದ ಲಾರಿಗಳು ಮಿಲ್ಲುಗಳ ಕಡೆ ಸಾಲುಗಟ್ಟಿದವೆಂದರೆ ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ಮದುವೆಗಳು ಶುರುವಾಗುತ್ತವೆ. ಅಲ್ಲಿನ ಹೆಣ್ಣುಮಕ್ಕಳು ರೇಷ್ಮೆ ಬ್ಲೌಸಿನ ಬೆನ್ನಿಗೆ, ತೋಳಿಗೆ ಜರಿ ಕೆಲಸ ಮಾಡಿಸಲು ಬರುತ್ತಾರೆ. ತೆಲುಗಿನಲ್ಲಿ ಮಾತು ಶುರುಮಾಡಿ, ಚೌಕಾಸಿಗೆ ಬಂದಾಗ ಕನ್ನಡಕ್ಕೆ ಹೊರಳುತ್ತಾರೆ. ಆ ತಿಂಗಳುಗಳಲ್ಲಿ ಮಷೀನು ನಿಲ್ಲುವುದೇ ಇಲ್ಲ. ಉಳಿದ ಕಾಲದಲ್ಲಿ ಅದು ನಿಂತು ಅಂಗಡಿ ಒಮ್ಮೆಲೇ ಸುಮ್ಮನಾಗುತ್ತದಲ್ಲ, ಅದು ಇಷ್ಟು ವರ್ಷವಾದರೂ ನನಗೆ ರೂಢಿಯಾಗಿಲ್ಲ.

ನಾನು ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಅವ್ವ ಹಾಸಿಗೆ ಹಿಡಿದ ವರ್ಷಗಳಲ್ಲಿ ಬಂದ ಸಂಬಂಧಗಳನ್ನು ಮನೆಯವರು ಮುಂದೆ ಹಾಕುತ್ತಾ ಹೋದರು, ಅವ್ವ ಹೋದಮೇಲೆ ಯಾರೂ ಬರಲಿಲ್ಲ, ಅಷ್ಟೇ.

ಅಂಗಡಿಯಲ್ಲಿ ನನ್ನ ಜೊತೆ ಒಬ್ಬ ಗೆಳತಿ ಕೆಲಸ ಮಾಡುತ್ತಿದ್ದಳು. ದಿನಾ ಬಳಗಾನೂರಿನಿಂದ ಬಸ್ಸಿಗೆ ಬರುತ್ತಿದ್ದಳು. ಮೊದಲು ಬಂದದ್ದು ಹೊಲಿದ ಬಟ್ಟೆಯ ಹಿಂದಿನ ದಾರ ಕತ್ತರಿಸುವ ಕೆಲಸಕ್ಕೆ. ಒಂದು ವರ್ಷದೊಳಗೆ ಕಂಪ್ಯೂಟರಿನ ಮುಂದೆ ಕುಳಿತು ಡಿಜೈನ್ ಹಾಕುವುದನ್ನು ಕಲಿತಳು. ಅವಳು ಬರೆದ ಒಂದು ಅಂಚು, ಭತ್ತದ ತೆನೆಗಳು ಒಂದರ ಮೇಲೊಂದು ಬಾಗಿ ಹೋಗುವಂಥದ್ದು, ಊರಲ್ಲಿ ಎಲ್ಲರೂ ಕೇಳುವಂತಾಯಿತು. ಅದನ್ನು ಫೈಲ್ ಮಾಡಿ ಇಂಟರ್ನೆಟ್ಟಿನಲ್ಲಿ ಮಾರಲು ಇಟ್ಟೆವು. ದೂರದೇಶದ ಎಂಬ್ರಾಯ್ಡರಿಯವರು ಕೊಳ್ಳತೊಡಗಿದರು. ಅವರಲ್ಲಿ ಕೆಲವರು, ಬ್ಯಾಂಕಿನ ರಗಳೆ ಬೇಡ, ಕ್ರಿಪ್ಟೋದಲ್ಲಿ, ಅಂದರೆ ಇಂಟರ್ನೆಟ್ಟಿನ ನಾಣ್ಯದಲ್ಲಿ, ಕೊಡುತ್ತೇವೆ ಎಂದರು. ನಾನು ಫೋನಿನಲ್ಲಿ ಆ ನಾಣ್ಯ ಇಡುವ ಒಂದು ವ್ಯಾಲೆಟ್ ಮಾಡಿಕೊಂಡೆ. ಅದರ ವಿಳಾಸವನ್ನು, ಅಂದರೆ ಅಕ್ಷರ ಅಂಕಿಗಳ ಒಂದು ಉದ್ದನೆಯ ಸಾಲನ್ನು, ಡಿಜೈನಿನ ಕೆಳಗೆ ಹಾಕಿದೆ. ನಾಣ್ಯ ಬಂದು ಬೀಳುತ್ತಿತ್ತು. ವರ್ಷಕ್ಕೊಮ್ಮೆ ಆಡಿಟರ್ ಮುಂದೆ ಎಲ್ಲವನ್ನೂ ಇಟ್ಟು ತೆರಿಗೆ ಕಟ್ಟುತ್ತಿದ್ದೆ. ಅದರಾಚೆ ಆ ಸಾಲಿನ ಬಗ್ಗೆ ನಾನು ಯೋಚಿಸಿದವಳಲ್ಲ.

ಗೆಳತಿಯ ಗಂಡ ಜೋರು ಮಾತಿನ ಮನುಷ್ಯನಲ್ಲ. ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಇಟ್ಟಿದ್ದ. ಹಣೆಗೆ ವಿಭೂತಿ, ಇಸ್ತ್ರಿ ಅಂಗಿ, ಎಲ್ಲರಿಗೂ ‘ರೀ’ ಹಚ್ಚಿ ಮಾತು. ಹೆಂಡತಿಯ ಬ್ಯಾಂಕ್ ಮೆಸೇಜುಗಳು ಅವನ ಫೋನಿಗೇ ಬರುತ್ತಿದ್ದವು. ಅವಳ ಮೈಮೇಲಿನ ಬಾಸುಂಡೆಗಳನ್ನು ನಾನು ಒಂದು ಸಲ ನೋಡಿದೆ, ಬ್ಲೌಸಿನ ಅಳತೆ ತೆಗೆಯುವಾಗ. ಆಮೇಲೆ ಅವಳ ಫೋನಿನಲ್ಲೂ ಒಂದು ವ್ಯಾಲೆಟ್ ಮಾಡಿಕೊಟ್ಟೆ. ತೆನೆಯ ಅಂಚು ಅವಳದು, ಅದರ ಪಾಲು ಅವಳಿಗೆ ಅಲ್ಲಿ ಸೇರಲಿ ಎಂದು.

ಒಂದು ಬೆಳಿಗ್ಗೆ ಅವಳು ಅಂಗಡಿಗೆ ಬಂದು ಮಷೀನಿನ ಹತ್ತಿರ ಕೂರಲಿಲ್ಲ. ಕೈಯಲ್ಲಿ ದಿನಾ ತರುವ ಊಟದ ಚೀಲಕ್ಕಿಂತ ಸ್ವಲ್ಪ ದೊಡ್ಡ ಚೀಲವಿತ್ತು.

“ನಾ ಹೊಂಟೀನಿ ಅಕ್ಕಾ,” ಎಂದಳು.

“ಎಲ್ಲಿಗೆ ಅಂತ ನನಗ ಹೇಳಬ್ಯಾಡ,” ಎಂದೆ. “ಆತ ನನ್ನ ಹತ್ರನ ಮೊದಲ ಬರ್ತಾನ. ಗೊತ್ತಿಲ್ಲ ಅಂದ್ರ ಖರೇನ ಗೊತ್ತಿರಬಾರದು.”

ಅವಳು ತಲೆಯಾಡಿಸಿದಳು. ಬಾಗಿಲ ತನಕ ಹೋಗಿ, ಮಷೀನಿಗೆ ಹಾಕಿದ್ದ ಕೆಂಪು ದಾರ ಮುಗಿಯಾಕ ಬಂದೈತಿ, ನೋಡ್ಕೋ ಎಂದು ಹೇಳಿ ಇಳಿದುಹೋದಳು.

ಗಂಡ ಅಂದು ಸಂಜೆಯೇ ಬಂದ. ಗಿರಾಕಿಗಳಿಗೆಂದು ಹಾಕಿದ ಬೆಂಚಿನ ಮೇಲೆ ಕುಳಿತು, “ಅಕ್ಕಾರ, ಆಕಿ ಎಲ್ಲಿ ಹೋಗ್ಯಾಳ ಅಂತ ನಿಮಗ ಮಾಲೂಮ್ ಇರ್ಬೇಕು,” ಎಂದ. ಗೊತ್ತಿಲ್ಲ ಎಂದೆ. ಅವನು ನನ್ನ ಕಣ್ಣನ್ನೇ ನೋಡಿದ, ನಾನೂ ಅವನ ಕಣ್ಣು ನೋಡಿದೆ. ಮಾತು ನಿಜವಾಗಿದ್ದರಿಂದ ಕಷ್ಟವಾಗಲಿಲ್ಲ. ಅಲ್ಲಿಂದ ಮುಂದೆ ಅವನು ಆಗಾಗ ಬರುತ್ತಿದ್ದ. ಅದೇ ಬೆಂಚು, ಅದೇ ಪ್ರಶ್ನೆ, ನನ್ನದು ಅದೇ ಉತ್ತರ. ನಡುನಡುವೆ ಗೆಳತಿಯ ಹೊಸ ನಂಬರಿನಿಂದ ಮೆಸೇಜು ಬರುತ್ತಿತ್ತು, ಆರಾಮ ಅದೀನಿ ಎಂದಷ್ಟೇ. ನಾನು ತೆನೆಯ ಅಂಚಿನ ಪಾಲನ್ನು ತಿಂಗಳಿಗೊಮ್ಮೆ ಅವಳ ವ್ಯಾಲೆಟ್ಟಿಗೆ ಹಾಕುತ್ತಿದ್ದೆ. ಅವಳು ಎಲ್ಲಿದ್ದಾಳೆಂಬುದು ನನಗೆ ಗೊತ್ತಿಲ್ಲದೆ ಇರುವುದೇ ನಾನು ಅವಳಿಗೆ ಕೊಡಬಹುದಾದ ದೊಡ್ಡ ಆಸರೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆದರೂ ಅವಳ ಖಾಲಿ ಕುರ್ಚಿಯ ಕಡೆ ತಿರುಗಿ, ಈ ಬಣ್ಣ ಹೆಂಗ ಕಾಣ್ತೈತಿ ನೋಡು ಎಂದು ಬಾಯಿಗೆ ಬಂದ ಮಾತನ್ನು ಎಷ್ಟೋ ಸಲ ನುಂಗಿದ್ದೇನೆ.

ಅದರ ಮರುವರ್ಷ ಅಣ್ಣ ಒಂದು ಸಂಬಂಧ ತಂದ. ಲಿಂಗಸುಗೂರಿನಲ್ಲಿ ಪಿಯು ಕಾಲೇಜಿನ ಕಾಮರ್ಸ್ ಉಪನ್ಯಾಸಕರು. ಹೆಂಡತಿ ಕಾಯಿಲೆಯಲ್ಲಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. “ಮನಷ್ಯಾ ಛಲೋ ಅದಾನ. ಅವಸರ ಏನಿಲ್ಲ ಅಂದಾನ. ನೀವಿಬ್ರೂ ಒಂದಿಷ್ಟು ದಿವಸ ಮಾತಾಡಿ ನೋಡ್ರಿ,” ಎಂದ ಅಣ್ಣ. ಅತ್ತಿಗೆ ನನ್ನ ಮುಖ ನೋಡದೆ ರೊಟ್ಟಿ ಬಡಿಯುತ್ತಿದ್ದಳು.

ಅವರು ಲಿಂಗಸುಗೂರಿನಿಂದ, ನಾನು ಸಿಂಧನೂರಿನಿಂದ ಹೊರಟರೆ ನಡುವೆ ಸಿಗುವುದು ಮಸ್ಕಿ. ಹಾಗಾಗಿ ಭಾನುವಾರಗಳಲ್ಲಿ ಮಸ್ಕಿಯಲ್ಲಿ ಇಳಿಯುತ್ತಿದ್ದೆವು. ಬಸ್ ನಿಲ್ದಾಣದ ಹತ್ತಿರ ಒಂದು ಹೋಟೆಲು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ, ಆಮೇಲೆ ಚಹಾ. ಮೊದಲ ದಿನ ಅವರು ಮಿರ್ಚಿಯ ತುದಿ ಮುರಿದು ಖಾರದ ಬೀಜಗಳನ್ನೆಲ್ಲ ತಟ್ಟೆಯ ಅಂಚಿಗೆ ಸರಿಸಿ ಕೂತರು. ಎರಡನೆಯ ಸಲ ತಮ್ಮ ಹೆಂಡತಿಯ ಬಗ್ಗೆ ಹೇಳಿದರು, ಅವಳ ಕೈಯ ಸಾರಿನ ಬಗ್ಗೆ, ಆಸ್ಪತ್ರೆಯ ಬಗ್ಗೆ. ಹೇಳುವಾಗ ಮುಚ್ಚುಮರೆ ಇರಲಿಲ್ಲ. ನನಗೆ ಅದು ಹಿಡಿಸಿತು. ಶನಿವಾರ ಸಂಜೆ ನಾನು ಸೀರೆ ಆರಿಸಿ ಇಡುವುದನ್ನು ಅತ್ತಿಗೆ ನೋಡಿಯೂ ನೋಡದವಳಂತೆ ಇರುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ವಾರದಲ್ಲಿ ಒಂದು ದಿನಕ್ಕಾಗಿ ನಾನು ಕಾಯುತ್ತಿದ್ದೆ.

ಒಂದು ಭಾನುವಾರ ಚಹಾ ಆರಿಸಿಕೊಳ್ಳುತ್ತಾ ಅವರು ಸಹಜವಾಗಿ, “ಬುಧವಾರ ಒಂದು ದೊಡ್ಡ ಪೇಮೆಂಟ್ ಬಂತಲ್ರಿ ನಿಮಗ. ಛಲೋ ಆತು,” ಎಂದರು.

ಬುಧವಾರ ಬಂದ ಹಣದ ಸುದ್ದಿಯನ್ನು ನಾನು ಅಣ್ಣನಿಗೂ ಹೇಳಿರಲಿಲ್ಲ.

“ನಿಮಗ ಹೆಂಗ ಗೊತ್ತಾತು?”

“ನಿಮ್ಮ ಡಿಜೈನ್ ಪೇಜಿನಾಗ ವ್ಯಾಲೆಟ್ ವಿಳಾಸ ಐತಲ್ರಿ. ಅದನ್ನ ಹಾಕಿದ್ರ ಎಲ್ಲಾ ಕಾಣ್ತೈತಿ. ಬಂದದ್ದು, ಹೋದದ್ದು, ಉಳದದ್ದು. ಹೆಸರಷ್ಟ ಇರಂಗಿಲ್ಲ,” ಎಂದು ಫೋನು ನನ್ನ ಕಡೆ ತಿರುಗಿಸಿದರು.

ನನ್ನ ಎರಡು ಮೂರು ವರ್ಷದ ದುಡಿಮೆ ಅಲ್ಲಿ ಸಾಲುಸಾಲಾಗಿ ಬಿದ್ದಿತ್ತು. ಅವ್ವನ ವರ್ಷಾಂತಿಕಕ್ಕೆಂದು ತೆಗೆದದ್ದು, ಹೊಸ ಮಷೀನಿಗೆಂದು ತೆಗೆದದ್ದು, ಯಾವ ದಿನ, ಯಾವ ಹೊತ್ತಿಗೆ ಎಂಬುದೂ ಸೇರಿ. ಅವರು ಕದ್ದು ನೋಡಿದ್ದಲ್ಲ. ಬಾಗಿಲು ಇರಲೇ ಇಲ್ಲ. ಆದರೂ ಬಚ್ಚಲಲ್ಲಿ ಇದ್ದಾಗ ಯಾರೋ ಕದ ತೆಗೆದಂತಾಗಿ ನಾನು ಸೆರಗು ಎಳೆದುಕೊಂಡೆ. ಅವರು ಅದನ್ನು ಗಮನಿಸಿದರು.

“ನಿಮಗ ಬ್ಯಾಸರ ಆತೇನು? ನಂದೂ ಒಂದು ಐತಿ, ತಗೋರಿ,” ಎಂದು ತಮ್ಮ ವಿಳಾಸವನ್ನು ನನಗೆ ಕಳಿಸಿದರು. “ನೀವೂ ನೋಡ್ರಿ. ಗಂಡಾ ಹೆಂತಿ ಆಗೋರ ನಡುವ ಇದು ಬಯಲಿಗೆ ಇರೋದ ಛಲೋ.”

ಯಾಕೆ ಹಾಗೆನ್ನುತ್ತೀರಿ ಎಂದು ಕೇಳಿದೆ. ಆಗ ಅವರು ತಮ್ಮ ತಂದೆಯ ವಿಷಯ ಹೇಳಿದರು. ತಂದೆ ಹಟ್ಟಿಯಲ್ಲಿ ಗಣಿ ಕೆಲಸಗಾರ. ಕಂಪನಿ ಕ್ವಾರ್ಟರಿನಲ್ಲಿ ಮನೆ. ಶಿಫ್ಟು ಮುಗಿದ ಮೇಲೂ ಎಷ್ಟೋ ದಿನ ಮನೆಗೆ ಬರುತ್ತಿರಲಿಲ್ಲ, ಓವರ್‌ಟೈಮ್ ಎನ್ನುತ್ತಿದ್ದರು. ತಾಯಿ ಎಂದೂ ಪ್ರಶ್ನೆ ಮಾಡಲಿಲ್ಲ. ತಂದೆ ತೀರಿದ ದಿನ ಹೆಣ ಅಂಗಳದಲ್ಲಿರುವಾಗಲೇ ಬೇರೊಂದು ಊರಿನಿಂದ ಒಬ್ಬ ಹೆಣ್ಣುಮಗಳು ಒಂದು ಹುಡುಗಿಯ ಕೈ ಹಿಡಿದು ಬಂದು ತಾಯಿಯ ಪಕ್ಕದಲ್ಲಿ ಕುಳಿತು ಅತ್ತಳು. ಅವಳೂ ಹೆಂಡತಿಯೇ. ಅಷ್ಟು ವರ್ಷದ ಓವರ್‌ಟೈಮಿನ ದುಡ್ಡು ಆ ಮನೆಗೆ ಹೋಗಿತ್ತು.

“ಅವ್ವ ಅತ್ತಿದ್ದು ಅಪ್ಪ ಸತ್ತದ್ದಕ್ಕಲ್ರಿ,” ಎಂದರು ಅವರು. “ಇಷ್ಟು ವರ್ಷ ತಾನು ಯಾರ ಜೋಡಿ ಇದ್ದೆ ಅಂತ ತಿಳೀದಽ ಹೋತಲ್ಲ, ಅದಕ್ಕ. ಅಂಗಿಗೆ ಒಳಕಿಸೆ ಇದ್ರ ಇನ್ನೊಂದು ಮನಿ ಇರ್ತೈತಿ. ನಾ ಅದನ್ನ ಕಂಡೀನಿ.”

ಹೋಟೆಲಿನಿಂದ ಎದ್ದು ಊರಿನ ಹಳೆಯ ರಾಜಶಾಸನವಿರುವ ಬಂಡೆಯ ಕಡೆ ನಡೆದೆವು. ಬಿಸಿಲು ಇನ್ನೂ ಬಲಿತಿರಲಿಲ್ಲ. ಅದರ ಸುತ್ತಲಿನ ಕಂಬಿಯ ಹೊರಗೆ ನಿಂತು ಅವರು, “ನೋಡ್ರಿ, ಅಷ್ಟು ದೊಡ್ಡ ರಾಜಾನೂ ತನ್ನ ಮಾತು ಬಯಲಾಗ ಬರದಿಟ್ಟಾನ, ಯಾರಾರ ಓದ್ಲಿ ಅಂತ,” ಎಂದು ನಕ್ಕರು.

“ಏನು ಬರೀಬೇಕು ಅನ್ನೋದನ್ನ ಆತ ಆರಿಸ್ಕೊಂಡಿದ್ದ,” ಎಂದೆ. “ತನ್ನ ಮನಿ ಖರ್ಚು ಕೆತ್ತಿಸಿಲ್ಲ.”

ಅವರು ಮತ್ತೆ ನಕ್ಕರು, ನಾನೂ ನಕ್ಕೆ. ನನ್ನ ಮನೆಯ ಕಥೆಯನ್ನೂ ಅಂದೇ ಹೇಳಿದೆ. ನಮ್ಮದು ಕೂಡುಮನೆ. ನಾನು ಹೊಲಿಗೆಯಿಂದ ನಾಲ್ಕು ಕಾಸು ಕಂಡ ದಿನವೇ ಮನೆಯಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು. ಗೊತ್ತಾದ ಮರುದಿನ ಅದಕ್ಕೊಂದು ಖರ್ಚು ಸಿದ್ಧವಾಗಿರುತ್ತಿತ್ತು. ಯಾರೂ ಕಸಿದುಕೊಳ್ಳುತ್ತಿರಲಿಲ್ಲ. ಕೇಳುತ್ತಿದ್ದರು, ನಾನು ಕೊಡುತ್ತಿದ್ದೆ. ನನಗೆಂದು ಒಂದು ಪುಟ್ಟ ಗಂಟು, ಅದು ಎಷ್ಟಿದೆಯೆಂದು ನನಗೊಬ್ಬಳಿಗೇ ಗೊತ್ತಿರಬೇಕೆಂಬ ಆಸೆ ಹುಟ್ಟಿದ್ದು ಹಾಗೆ. ಅವರು ಕೇಳಿಸಿಕೊಂಡರು. “ಅದೂ ಖರೇನ ಐತಿ,” ಎಂದರು. ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಈ ಮನುಷ್ಯನೊಂದಿಗೆ ಜಗಳವಾಡುತ್ತಾ ಬದುಕಬಹುದು ಎಂದುಕೊಂಡೆ. ಒಂಟಿಯಾಗಿದ್ದವರಿಗೆ ಅದು ಸಣ್ಣ ಆಸೆಯಲ್ಲ.

ಅವರು ಕೊಟ್ಟ ವಿಳಾಸವನ್ನು ನಾನು ತೆರೆದು ನೋಡಲಿಲ್ಲ. ನೋಡಬೇಕೆನ್ನಿಸಲಿಲ್ಲ.

ಹದಿನೈದು ದಿನ ಬಿಟ್ಟು ಮತ್ತೆ ಮಸ್ಕಿಯಲ್ಲಿ ಸೇರಿದೆವು. ಅಂದು ಅವರು ಒಗ್ಗರಣೆಯನ್ನು ಅರ್ಧಕ್ಕೇ ಬಿಟ್ಟರು.

“ಒಂದು ಮಾತು ಕೇಳ್ತೀನಿ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ವ್ಯಾಲೆಟ್ಟಿನಿಂದ ತಿಂಗಳಾ ಒಂದ ವಿಳಾಸಕ್ಕ ರೊಕ್ಕ ಹೊಕ್ಕೈತಿ. ಅದು ಯಾರದು?”

“ಅದು ನನ್ನ ಸಂಗತಿ ಅಲ್ರಿ, ಹೇಳಾಕ,” ಎಂದೆ.

“ಹೇಳಬ್ಯಾಡ್ರಿ. ಆದ್ರ ಅದು ಮುಚ್ಚಿಡೋವಂಥದ್ದೂ ಅಲ್ಲ. ನಾನಽ ನೋಡೀನಿ. ಆ ವಿಳಾಸದಿಂದ ರೊಕ್ಕ ಪ್ರತಿ ಸಲ ಒಂದ ಕಡಿ ಹೊಕ್ಕೈತಿ. ಅದು ಒಂದು ಮೊಬೈಲ್ ಅಂಗಡಿ. ನಾಣ್ಯ ತಗೊಂಡು ನಗದು ಕೊಡ್ತೀವಿ ಅಂತ ಅವರು ತಮ್ಮ ವಿಳಾಸಾನ ಜಾಹೀರಾತಿನಾಗ ಹಾಕ್ಯಾರ.” ಅವರು ಊರಿನ ಹೆಸರು ಹೇಳಿದರು. ಆ ಊರಿನಲ್ಲಿ ಯಾವ ಬಡಾವಣೆ ಎಂಬುದನ್ನೂ ಹೇಳಿದರು. “ಅಲ್ಲಿ ನಿಮಗ ಯಾರದಾರ?”

ಹೋಟೆಲಿನವನು ಪಕ್ಕದ ಮೇಜು ಒರೆಸುತ್ತಿದ್ದ. ಒಂದು ವರ್ಷದಿಂದ ನಾನು ತಿಳಿದುಕೊಳ್ಳದೇ ಕಾಪಾಡಿದ್ದನ್ನು ಈ ಮನುಷ್ಯ ಚಹಾ ಬರುವಷ್ಟರಲ್ಲಿ ನನ್ನ ಕಿವಿಗೆ ಹಾಕಿಬಿಟ್ಟಿದ್ದರು. ಅವರಿಗೆ ಗೆಳತಿಯ ವಿಷಯವೇ ತಿಳಿಯದು. ಅವಳ ಗಂಡನ ವಿಷಯವೂ ತಿಳಿಯದು. ಅವರ ಕಣ್ಣಲ್ಲಿದ್ದದ್ದು ಸಿಟ್ಟಲ್ಲ, ಹೆದರಿಕೆ. ಅಂಗಳದಲ್ಲಿ ಕೈ ಹಿಡಿದು ಬಂದ ಆ ಹುಡುಗಿಯನ್ನು ಅವರು ನನ್ನ ಹಿಂದೆ ಹುಡುಕುತ್ತಿದ್ದರು.

“ಯಾರೋ ಗಂಡಸು ಅದಾನ ಅಂತ ಕೇಳ್ತೀರೇನು?” ಎಂದೆ.

“ಹಂಗೇನಿಲ್ಲ ಅಂತ ಒಂದು ಮಾತು ಹೇಳ್ರಿ, ಸಾಕು. ಯಾರು ಅಂತ ಹೇಳಿಬಿಡ್ರಿ.”

“ಗಂಡಸಲ್ಲ. ಅದಕ್ಕಿಂತ ಮುಂದ ನನ್ನ ಕಡಿಂದ ಹೇಳಾಕ ಆಗಂಗಿಲ್ಲ.”

“ನಾಳೆ ಒಂದ ಮನ್ಯಾಗ ಇರೋರು ನಾವು.”

“ಇರಬೇಕಂತ ನನಗೂ ಐತ್ರಿ.”

ಅವರು ಬಿಲ್ಲು ಕೊಟ್ಟು ನನ್ನನ್ನು ಬಸ್ಸಿನ ತನಕ ಬಿಟ್ಟರು. ಬಸ್ಸು ಹೊರಟಾಗ ಕೈ ಎತ್ತಲಿಲ್ಲ, ಹಾಗೆಂದು ಹೊರಟೂ ಹೋಗಲಿಲ್ಲ. ನಿಂತೇ ಇದ್ದರು.

ಅವರಿಗೆ ಎಲ್ಲವನ್ನೂ ಹೇಳಬಹುದಿತ್ತಲ್ಲ ಎಂದು ಆಮೇಲೆ ನನ್ನನ್ನೇ ಕೇಳಿಕೊಂಡಿದ್ದೇನೆ. ಆದರೆ ಅವರು ಮುಚ್ಚಿಡುವವರಲ್ಲ. ಅವರ ಒಳ್ಳೆಯತನವೇ ಅದು. ಅಣ್ಣ ಕೇಳಿದರೆ ಅಣ್ಣನಿಗೆ ಹೇಳುತ್ತಾರೆ. ಅಣ್ಣನಿಂದ ಅತ್ತಿಗೆಗೆ, ಅತ್ತಿಗೆಯ ತವರು ತುರ್ವಿಹಾಳ, ಅಲ್ಲಿಂದ ಗೆಳತಿಯ ಗಂಡನಿರುವ ಬಳಗಾನೂರು ಎಷ್ಟು ದೂರ?

ಆ ವಾರವೇ ಗೆಳತಿಯ ಗಂಡ ಬಂದ. ಬೆಂಚಿನ ಮೇಲೆ ಕುಳಿತು, ಅಂಗಿಯ ತೋಳು ಸರಿಮಾಡಿಕೊಂಡು, “ಅಕ್ಕಾರ, ಖಬರ ಏನಾರ ಬಂತೇನ್ರಿ? ಎಲ್ಲಿ ಅದಾಳಂತ?” ಎಂದ.

ಆ ಊರಿನ ಹೆಸರು ನನ್ನ ನಾಲಿಗೆಯ ಮೇಲೆಯೇ ಕೂತಂತಿತ್ತು. “ಗೊತ್ತಿಲ್ಲಪಾ,” ಎಂದೆ. ಹಿಂದೆ ಎಷ್ಟೋ ಸಲ ಹೇಳಿದ್ದ ಅದೇ ಮಾತು. ಆದರೆ ಈ ಸಲ ನನ್ನ ಕಣ್ಣು ನಿಲ್ಲಲಿಲ್ಲ. ಮಷೀನಿನ ಕಡೆ ತಿರುಗಿ ದಾರ ತುಂಡಾಗಿದೆಯೇನೋ ಎಂಬಂತೆ ಸೂಜಿಯನ್ನು ಮುಟ್ಟಿದೆ. ದಾರ ಸರಿಯಾಗೇ ಇತ್ತು.

ಹಿಂದೆ ಉತ್ತರ ಕೇಳಿ ಎದ್ದು ಹೋಗುತ್ತಿದ್ದವನು ಅಂದು ಏಳಲಿಲ್ಲ. ನನ್ನ ಬೆನ್ನನ್ನು ನೋಡುತ್ತಾ ಕೂತದ್ದು ನನಗೆ ತಿಳಿಯುತ್ತಿತ್ತು. ಕ್ಯಾಂಪಿನ ಇಬ್ಬರು ಹೆಣ್ಣುಮಕ್ಕಳು ಸೀರೆ ಹಿಡಿದು ಒಳಗೆ ಬಂದಮೇಲೆ ಅವನು ಜಾಗ ಬಿಟ್ಟು ಎದ್ದ. ಬಾಗಿಲಲ್ಲಿ ನಿಂತು, “ನೀವು ಸುಳ್ಳು ಹೇಳೋ ಮಂದಿ ಅಲ್ಲ ಅಂತ ತಿಳದಿದ್ದೆ,” ಎಂದು ಮೆಲ್ಲಗೆ ಹೇಳಿ ಹೋದ. ಆ ಹೆಣ್ಣುಮಕ್ಕಳಿಗೆ ಯಾವ ಡಿಜೈನು ತೋರಿಸಿದೆನೋ ನೆನಪಿಲ್ಲ.

ಗಿರಾಕಿಗಳು ಹೋದಮೇಲೆ ಶಟರನ್ನು ಅರ್ಧ ಇಳಿಸಿ ಗೆಳತಿಯ ನಂಬರಿಗೆ ಬರೆದೆ. ನೀನಿರುವ ಊರು ನನಗೆ ಗೊತ್ತಾಗಿದೆ, ವ್ಯಾಲೆಟ್ ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ, ಆ ಮೊಬೈಲ್ ಅಂಗಡಿಗೆ ಇನ್ನು ಹೋಗಬೇಡ ಎಂದು. ಸ್ವಲ್ಪ ಹೊತ್ತಿಗೆ ಅವಳು ಫೋನೇ ಮಾಡಿದಳು. ಹೋದ ದಿನದಿಂದ ಅವಳ ದನಿ ಕೇಳಿದ್ದು ಅದೇ ಮೊದಲು. ಹಿಂದೆ ಎಲ್ಲೋ ಹೊಲಿಗೆ ಮಷೀನುಗಳ ಸದ್ದಿತ್ತು.

“ಯಾರು ನೋಡ್ಯಾರ ಅಕ್ಕಾ?”

“ಒಬ್ಬರು. ಕೆಟ್ಟೋರಲ್ಲ. ಆದ್ರ ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೂ ಕಾಣ್ತೈತಿ.”

ಅವಳು ಉಸಿರೆಳೆದುಕೊಂಡಳು. “ಇನ್ನ ಏನೂ ಕಳಸಬ್ಯಾಡ. ಈ ನಂಬರೂ ಬಂದ್ ಮಾಡ್ತೀನಿ. ಮನಿ ಬದಲಿ ಮಾಡಾಕ ನೋಡ್ತೀನಿ.”

“ಹೊಸಾದು ಒಂದು ವಿಳಾಸ ಮಾಡ್ಕೋ, ನಾ ಬ್ಯಾರೆ ಹಾದಿಲಿ…”

“ಬ್ಯಾಡಕ್ಕಾ. ನಿನಗೂ ನನಗೂ ನಡುವ ಒಂದು ಗೆರಿ ಇದ್ರ ಆತ ಹಿಡಕೊಂಡು ಬರ್ತಾನ.” ಆಮೇಲೆ, “ನೀ ಊಟಾ ಮಾಡಿದಿ?” ಎಂದು ಕೇಳಿದಳು. ಮಾಡಿಲ್ಲ ಎಂದೆ. “ಮಾಡು ಹೋಗು,” ಎಂದು ಇಟ್ಟಳು. ಮರುದಿನದಿಂದ ಆ ನಂಬರು ಇರಲಿಲ್ಲ.

ಉಪನ್ಯಾಸಕರು ಅಣ್ಣನಿಗೆ ಫೋನು ಮಾಡಿ ಸಂಬಂಧ ಬೇಡವೆಂದರು. ಯಾಕೆಂದು ಅಣ್ಣ ಕೇಳಿದ್ದಾನೆ, ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಾರೆ. ಅಣ್ಣ ಅಂಗಡಿಗೆ ಇಳಿದು ಬಂದು ಬೆಂಚಿನ ಮೇಲೆ ಕುಳಿತ.

“ಯಾರಿಗೋ ತಿಂಗಳಾ ರೊಕ್ಕ ಕಳಸ್ತೀಯಂತ. ಯಾರವ್ವಾ ಅವರು?”

“ನನ್ನ ದುಡಿಮಿ ಅದು, ಅಣ್ಣಾ.”

“ಅದನ್ನ ಯಾರು ಕೇಳ್ಯಾರ? ಯಾರು ಅಂತ ಕೇಳಾಕತ್ತೀನಿ.”

ನಾನು ಹೇಳಲಿಲ್ಲ. ಅವನು ಬಯ್ಯಲಿಲ್ಲ, ಎದ್ದು ಮೇಲೆ ಹೋದ. ಅಂದಿನಿಂದ ಮನೆಯಲ್ಲಿ ನನ್ನನ್ನು ಕಂಡಾಗ ನಡೆಯುತ್ತಿದ್ದ ಮಾತು ನಿಲ್ಲತೊಡಗಿತು. ಅತ್ತಿಗೆ ನನ್ನ ತಟ್ಟೆಯನ್ನು ಮುಚ್ಚಿಟ್ಟು ಮಲಗುತ್ತಿದ್ದಳು. ಮೊದಲು ಜೊತೆಗೆ ಕೂತು ಉಣ್ಣುತ್ತಿದ್ದಳು.

ನಾನು ಡಿಜೈನ್ ಪೇಜಿನಿಂದ ಆ ಹಳೆಯ ವಿಳಾಸವನ್ನು ತೆಗೆದೆ. ಪ್ರತಿ ಗಿರಾಕಿಗೂ ಬೇರೆ ಬೇರೆ ವಿಳಾಸ ಕೊಡುವುದನ್ನು ಕಲಿತೆ. ಒಂದರಲ್ಲಿ ಬಂದದ್ದು ಇನ್ನೊಂದರ ಜೊತೆ ಬೆರೆಯದಂತೆ ನೋಡಿಕೊಳ್ಳುವುದು ಎಂಬ್ರಾಯ್ಡರಿಯ ಹಿಂಬದಿಯಲ್ಲಿ ದಾರಗಳನ್ನು ಬಿಡಿಸಿದಷ್ಟೇ ತಾಳ್ಮೆಯ ಕೆಲಸ. ತೆನೆಯ ಅಂಚು ಮಾರಿದಾಗಲೆಲ್ಲ ಅವಳ ಪಾಲನ್ನು ಬೇರೆ ಇಡುತ್ತಾ ಹೋದೆ. ಈಗ ನನ್ನ ಹತ್ತಿರ ಎಷ್ಟಿದೆ ಎಂಬುದು ಆಡಿಟರ್ ಬಿಟ್ಟರೆ ಲೋಕದಲ್ಲಿ ಯಾರಿಗೂ ತಿಳಿಯದು. ಚಿಕ್ಕಂದಿನಿಂದ ಬೇಕೆಂದುಕೊಂಡದ್ದು ಕೈಗೆ ಬಂದಿತ್ತು. ಬುಧವಾರ ಒಂದು ದೊಡ್ಡ ಪೇಮೆಂಟು ಬಂದರೆ, ಛಲೋ ಆತು ಎನ್ನುವವರು ಯಾರೂ ಇರಲಿಲ್ಲ.

ಗೆಳತಿಯ ಹಳೆಯ ವಿಳಾಸವನ್ನು ಮಾತ್ರ ನಾನೇ ಆಗಾಗ ತೆರೆದು ನೋಡುತ್ತಿದ್ದೆ. ಅಲ್ಲಿ ಏನೂ ಇರಲಿಲ್ಲ, ಏನೂ ಬರುತ್ತಿರಲಿಲ್ಲ, ಹೋಗುತ್ತಿರಲಿಲ್ಲ. ಹಾಗೆ ಖಾಲಿಯಾಗಿರುವುದು ಒಳ್ಳೆಯದೆಂದು ನನಗೇ ಗೊತ್ತಿತ್ತು. ಆದರೂ ಒಂದು ಸಣ್ಣ ಚಲನೆ ಕಂಡಿದ್ದರೆ ಅವಳು ಬದುಕಿದ್ದಾಳೆಂದು ತಿಳಿಯುತ್ತಿತ್ತಲ್ಲ ಎಂದು ಹುಡುಕುತ್ತಿದ್ದೆ. ಲಿಂಗಸುಗೂರಿನವರು ನನ್ನ ಸಾಲುಗಳನ್ನು ನೋಡುತ್ತಾ ಕೂತ ಸಂಜೆಗಳಲ್ಲಿ ಅವರಿಗೂ ಹೀಗೆಯೇ ಇದ್ದಿರಬಹುದೇ ಎಂದು ಆಗ ಅನ್ನಿಸಿತು. ಖಾಲಿ ಮನೆಯಲ್ಲಿ ಕೂತು, ಮೂವತ್ತು ನಲವತ್ತು ಮೈಲಿ ಆಚೆ ಒಬ್ಬಳು ಇವತ್ತು ದುಡಿದಳು, ಇವತ್ತು ಖರ್ಚು ಮಾಡಿದಳು ಎಂದು ನೋಡುವುದು.

ಇದೆಲ್ಲ ನಡೆದ ಮರುವರ್ಷ ಗೆಳತಿಯ ಗಂಡ ಕೊನೆಯ ಸಲ ಬಂದ. ಬೆಂಚಿನ ಮೇಲೆ ಕೂರಲಿಲ್ಲ. ಇಸ್ತ್ರಿಯಿಲ್ಲದ ಅಂಗಿ ತೊಟ್ಟಿದ್ದ.

“ಕೋರ್ಟಿನಿಂದ ಕಾಗದ ಬಂದೈತ್ರಿ, ವಕೀಲನ ಕಡಿಂದ. ಸೋಡಚೀಟಿ, ಡೈವೋರ್ಸ್ ಬೇಕಂತ ಆಕಿಗೆ,” ಎಂದು ಕಾಗದದಲ್ಲಿದ್ದ ಅವಳ ಊರಿನ ಹೆಸರು ಹೇಳಿದ. ಉಪನ್ಯಾಸಕರು ಹೇಳಿದ್ದ ಊರಲ್ಲ, ಬೇರೆಯದು. “ಪೊಲೀಸರ ಕಡಿಂದ ರಕ್ಷಣಾನೂ ಕೇಳ್ಯಾಳಂತ. ನಿಮಗ ಗೊತ್ತಿತ್ತೇನು?”

“ಇಲ್ಲ,” ಎಂದೆ. ಈ ಸಲ ಅದು ನಿಜವಾಗಿತ್ತು. ಅವನ ಕಣ್ಣನ್ನು ನೇರವಾಗಿ ನೋಡಿ ಹೇಳಿದೆ. ಅವಳು ತನ್ನ ವಿಳಾಸವನ್ನು ತಾನೇ, ತನಗೆ ಬೇಕಾದ ದಿನ, ನ್ಯಾಯಾಧೀಶರ ಮುಂದೆ ಬರೆದುಕೊಟ್ಟಿದ್ದಾಳೆ ಎಂದು ತಿಳಿದು, ಅವನು ಹೋದಮೇಲೆ ನಾನು ಅವಳ ಕುರ್ಚಿಯ ಮೇಲೆ ಕುಳಿತು ಅತ್ತೆ.

ವಿಚ್ಛೇದನವಾಯಿತೆಂದು ಕೆಲವು ತಿಂಗಳ ಮೇಲೆ ಬಳಗಾನೂರಿನ ಗಿರಾಕಿಗಳಿಂದ ಕೇಳಿದೆ. ಮುಚ್ಚಿಡಬೇಕಾದ್ದು ಇನ್ನೇನೂ ಉಳಿದಿರಲಿಲ್ಲ. ಅಣ್ಣನಿಗೆ ಹೇಳಿದೆ. ಅವನು, “ಅವತ್ತ ಹೇಳಿದ್ರ ಆಗತಿತ್ತಲ್ಲ,” ಎಂದಷ್ಟೇ ಅಂದ. ಆ ರಾತ್ರಿ ಅತ್ತಿಗೆ ನಾನು ಬರುವ ತನಕ ಉಣ್ಣದೆ ಕಾದಿದ್ದಳು.

ಉಪನ್ಯಾಸಕರನ್ನು ಒಮ್ಮೆ ಮಸ್ಕಿಯಲ್ಲೇ ಕಂಡೆ. ಒಂದು ಮದುವೆಮನೆಗೆ ಬ್ಲೌಸುಗಳನ್ನು ಮುಟ್ಟಿಸಿ ಬಸ್ಸಿಗೆ ನಿಂತಿದ್ದೆ. ಅವರ ಜೊತೆ ಹೆಂಡತಿ ಇದ್ದರು, ಹೊಸ ಮದುವೆ. ಅವರೇ ಹತ್ತಿರ ಬಂದು ಪರಿಚಯ ಮಾಡಿಸಿದರು: “ಇವರು ಸಿಂಧನೂರಿನವರು. ಇವರನ್ನ ನಾ ನೋಡಾಕ ಬಂದಿದ್ದೆ ಅಂತ ಹೇಳಿದ್ದೆನಲ್ಲ, ಅವರು.” ಆ ಹೆಣ್ಣುಮಗಳು ಸಂಕೋಚವಿಲ್ಲದೆ ನಕ್ಕು, ಬ್ಲೌಸಿನ ಕೆಲಸ ನಿಮ್ಮದೇ ಏನ್ರಿ ಎಂದು ನನ್ನ ತೋಳಿನ ಅಂಚನ್ನು ಮುಟ್ಟಿ ನೋಡಿದರು. ನನಗೆ ಅವರು ಇಷ್ಟವಾದರು. ಹೂವು ಕೊಳ್ಳಲು ಆಕೆ ಅತ್ತ ಹೋದಾಗ ನಾನು ಉಪನ್ಯಾಸಕರಿಗೆ ಗೆಳತಿಯ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಿದೆ.

ಅವರ ಮುಖ ಬಿಳಿಚಿತು. “ನಾ ಆ ಊರಿನ ಹೆಸರು ನಿಮ್ಮ ಮುಂದ…”

“ಹೌದು.”

“ನನಗ ಹೇಳಿದ್ರ ನಂಬತಿದ್ದೆ.”

“ನಂಬಾಕ ನೀವು ಜಾಗ ಇಟ್ಟಿರಲಿಲ್ರಿ. ಮೊದಲಽ ನೋಡಿಬಿಟ್ಟಿದ್ರಿ.”

ಅವರು ತಲೆ ತಗ್ಗಿಸಿದರು. ನನಗೆ ಆ ಮಾತು ಆಡಬಾರದಿತ್ತೇನೋ ಅನ್ನಿಸಿತು. ಅವರ ತಾಯಿ ಅಂಗಳದಲ್ಲಿ ಅತ್ತದ್ದು ನನಗೆ ಮರೆತಿರಲಿಲ್ಲ. “ನಿಮ್ಮದೂ ತಪ್ಪಲ್ಲ. ಈ ವ್ಯಾಲೆಟ್ ಕಟ್ಟಿದೋರು ಬಾಗಲಾ ಇಟ್ಟಿಲ್ಲ,” ಎಂದೆ. ಅಷ್ಟರಲ್ಲಿ ಅವರ ಹೆಂಡತಿ ಮಲ್ಲಿಗೆ ತಂದು ನನ್ನ ಕೈಗೂ ಒಂದು ಮೊಳ ಇಟ್ಟರು. ಲಿಂಗಸುಗೂರಿನ ಬಸ್ಸು ಮೊದಲು ಬಂತು. ಅವರು ಹತ್ತಿಹೋದರು.

ವ್ಯಾಲೆಟ್ಟಿನಲ್ಲಿ ಇರುವುದು ಎಲ್ಲರಿಗೂ ಕಾಣಬೇಕೋ ಬೇಡವೋ ಎಂದು ನನ್ನ ಹಾಗೆ ಡಿಜೈನ್ ಮಾರುವ ಹೊಸ ಹುಡುಗಿಯರು ಈಗ ನನ್ನನ್ನು ಕೇಳುತ್ತಾರೆ. ಕಾಣಬಾರದು ಎಂದೇ ಹೇಳುತ್ತೇನೆ, ಹೇಗೆ ಮುಚ್ಚಬೇಕೆಂಬುದನ್ನೂ ಕಲಿಸುತ್ತೇನೆ. ಯಾರಿಗಾದರೂ ತೋರಿಸಬೇಕೆನ್ನಿಸಿದರೆ ನೀವೇ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ ಎನ್ನುತ್ತೇನೆ. ನೀವು ಯಾರಿಗೆ ತೋರಿಸ್ತೀರಿ ಅಕ್ಕಾ ಎಂದು ಅವರಲ್ಲೊಬ್ಬಳು ಕೇಳಿದಳು. ನನಗೆ ಸಟ್ಟನೆ ಹೆಸರು ಹೊಳೆಯಲಿಲ್ಲ. ಅವಳು ಕಾಯುತ್ತಿದ್ದಳು. ಹೋಗಿದ್ದ ಕರೆಂಟು ಬಂತು, ಮಷೀನಿನ ದಾರದ ಬಾಬಿನ್ ಬದಲಿಸಲು ಎದ್ದೆ.